ಮೂರೂವರೆ ಗಂಟೆಯ ಕೊಂಬು

ಕೋ ಮೌಲಿನ್‌ಗೆ ಎರಡು ವಿದ್ಯೆಗಳು ಚೆನ್ನಾಗಿ ಬರುತ್ತಿದ್ದವು. ಒಂದು, ಸುವೊನಾ ಊದುವುದು. ಇನ್ನೊಂದು ಯಾವುದೆಂದು ಅವನ ಮನೆಯವರೂ ಮೇಷ್ಟ್ರುಗಳೂ ಮೂರು ವರ್ಷದಿಂದ ಹುಡುಕುತ್ತಿದ್ದರು. ಆ ಹುಡುಕಾಟ ಅವನನ್ನು ತೈನಾನ್ ಊರಿನ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿಭಾಗದವರೆಗೆ ತಂದು, ಅಲ್ಲಿಗೆ ಸುಸ್ತಾಗಿ ಕೂತಿತ್ತು.

ಸುವೊನಾ ನಮ್ಮ ಓಲಗದ ಜಾತಿಯದು. ಮರದ ಮೈ, ಹಿತ್ತಾಳೆಯ ಅಗಲ ಬಾಯಿ, ಜೊಂಡಿನ ಪೀಪಿ. ದೇವರ ಪಲ್ಲಕ್ಕಿ ಹೊರಟರೂ ಅದೇ ಬೇಕು, ಹೆಣ ಹೊರಟರೂ ಅದೇ ಬೇಕು. ಮೌಲಿನ್‌ನ ತಾತ ನಲವತ್ತು ವರ್ಷ ಅದನ್ನು ಊದಿ, ಮೊಮ್ಮಗನಿಗೂ ಕಲಿಸಿ, ವಾದ್ಯವನ್ನು ಅವನ ಕೈಗಿತ್ತು ಕಣ್ಣು ಮುಚ್ಚಿದ. ಅಪ್ಪ ದೂರದ ಸಮುದ್ರಕ್ಕೆ ಹೋಗುವ ಮೀನಿನ ಹಡಗಿನಲ್ಲಿದ್ದ. ವರ್ಷಕ್ಕೆ ಎರಡು ಸಲ ಬಂದು, ಎರಡು ಸಲವೂ ನಿದ್ದೆ ಮಾಡಿ ಹೋಗುತ್ತಿದ್ದ. ಹೀಗಾಗಿ ಮನೆಯ ಆಡಳಿತವೆಲ್ಲ ಅಮ್ಮ ಶ್ಯೂಚಿನ್‌ಳದು. ವಿಶ್ವವಿದ್ಯಾಲಯದ ಹಿಂಬಾಗಿಲ ರಸ್ತೆಯಲ್ಲಿ ಅವಳದೊಂದು ತಿಂಡಿ ಅಂಗಡಿ. ಮೊಟ್ಟೆ ದೋಸೆ, ಮೂಲಂಗಿ ಕಡುಬು, ಸೋಯಾ ಹಾಲು. ಅಂಗಡಿಯ ಮೇಲೆ ಮನೆ.

ವಸಂತದ ಪರೀಕ್ಷೆಯಲ್ಲಿ ಮೌಲಿನ್ ‘ಉಷ್ಣ ವರ್ಗಾವಣೆ’ ಎಂಬ ವಿಷಯದಲ್ಲಿ ಫೇಲಾದ ದಿನ ಶ್ಯೂಚಿನ್ ಗಿರಾಕಿಗಳ ಆರ್ಡರ್ ಚೀಟಿಯ ಹಿಂಬದಿಯಲ್ಲಿ ಒಂದು ಕರಾರು ಬರೆದು ಫ್ರಿಜ್ಜಿಗೆ ಅಂಟಿಸಿದಳು. ಬೇಸಿಗೆ ರಜೆಯಲ್ಲಿ ಆ ವಿಷಯಕ್ಕೆ ಮತ್ತೆ ಕೂರಬೇಕು. ಇನ್ನೊಂದು ಸಲ ಫೇಲಾದರೆ ಸುವೊನಾವನ್ನು ದೇವಸ್ಥಾನದ ಮೇಳದ ಶುಯಿಮು ತಾತನಿಗೆ ಕೊಟ್ಟುಬಿಡುವುದು.

“ಅಮ್ಮಾ, ಅದು ತಾತನದು,” ಎಂದ ಮೌಲಿನ್.

“ತಾತನದೇ. ನಿನ್ನ ತಲೆ ಮಾತ್ರ ನಿಂದು. ಅದನ್ನ ಉಪಯೋಗಿಸು. ಆಮೇಲೆ ಎಷ್ಟು ಬೇಕಾದ್ರೂ ಊದ್ಕೋ. ಆದ್ರೆ ಅಂಗಡಿ ಮೇಲೆ ಕೂತು ಊದಬೇಡ. ಗಿರಾಕಿಗಳು ಬಾಯಿಗಿಟ್ಟಿದ್ದನ್ನ ಕೆಳಗಿಡ್ತಾರೆ.”

ಎಲ್ಲಿ ಊದುವುದು? ಕಾಲೇಜಿನ ಸಂಗೀತ ಸಂಘದಲ್ಲಿ ಕೊಳಲಿನವರು ತಮ್ಮ ಕೊಳಲು ತಮಗೇ ಕೇಳುವುದಿಲ್ಲವೆಂದು ಅವನನ್ನು ಹೊರಗೆ ಹಾಕಿದ್ದರು. ಕಾಲುವೆ ದಡದಲ್ಲಿ ಊದಿದಾಗ ಎರಡು ಸಲ ಪೊಲೀಸರು ಬಂದಿದ್ದರು. ಎರಡನೆಯ ಸಲ ಬಂದವನು ಕಣ್ಣೀರು ಒರೆಸಿಕೊಂಡು ಪೂರ್ತಿ ಕೇಳಿ, ಆಮೇಲೆ ದಂಡದ ಚೀಟಿ ಹರಿದು ಕೊಟ್ಟಿದ್ದ. ಇತ್ತ ಶುಯಿಮು ತಾತ ಹೊಸ ಹಲ್ಲಿನ ಸೆಟ್ ಕಟ್ಟಿಸಿಕೊಂಡು ಪೀಪಿ ಕಚ್ಚಲಾರದೆ, ಮೇಳದ ಭಾರವನ್ನೆಲ್ಲ ಮೌಲಿನ್ ಮೇಲೆ ಹೊರಿಸಿದ್ದ. ತಿಂಗಳ ಕೊನೆಗೆ ದೊಡ್ಡ ಮೆರವಣಿಗೆ. ಒಂದೇ ಉಸಿರಿನಲ್ಲಿ ಮೂರು ನಿಮಿಷ ಊದುವ ಘಟ್ಟವೊಂದು ಅವನಿಗಿನ್ನೂ ಒಲಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಪ್ರೊಫೆಸರ್ ಶಿಯಾವ್ ಅವನ ಕೈಗೆ ಸದ್ದಿಲ್ಲದ ಕೋಣೆಯ ಬೀಗದ ಕೈ ಕೊಟ್ಟರು.

ಪ್ರೊಫೆಸರ್ ಶಿಯಾವ್ ಜರ್ಮನಿಯಲ್ಲಿ ಓದಿ ಬಂದವರು, ಶಬ್ದಶಾಸ್ತ್ರದಲ್ಲಿ ಹೆಸರು ಮಾಡಿದವರು. ಅವರ ಪ್ರಯೋಗಶಾಲೆಗೆ ರಜೆಯ ಸಹಾಯಕನಾಗಿ ಸೇರಿದ ಮೌಲಿನ್ ಎರಡು ವಾರಕ್ಕೆ ಮೂರು ಉಪಕರಣ ಮುರಿದದ್ದರಿಂದ, ಏನನ್ನೂ ಮುರಿಯಲಾಗದಂಥ ಕೆಲಸವೊಂದನ್ನು ಅವರು ಯೋಚಿಸಿ ಹುಡುಕಿದ್ದರು. ಸದ್ದಿಲ್ಲದ ಕೋಣೆಗೆ ಎರಡು ಬಾಗಿಲು. ದಪ್ಪನೆಯ ಹೊರಬಾಗಿಲು ತೆರೆದರೆ ಬಟ್ಟೆ ಬೀರುವಿನಷ್ಟು ಜಾಗ, ಅದರಾಚೆ ತೆಳುವಾದ ಒಳಬಾಗಿಲು. ದಿನಕ್ಕೊಮ್ಮೆ ಆ ಬೀರುವಿನಲ್ಲಿ ನಿಂತು ಗೋಡೆಯ ಮೇಲಿನ ತೇವದ ಮಾಪಕ ನೋಡಿ ಬರೆದುಕೊಂಡು, ಬಾಗಿಲು ಹಾಕಿ ಹೋಗುವುದು. ಒಳಬಾಗಿಲನ್ನು ಮುಟ್ಟುವಂತಿಲ್ಲ. ಒಳಗೆ ಒಂದು ಕಂಪನಿಯ ಪುಟ್ಟ ಫ್ಯಾನು ಮೂವತ್ತು ದಿನ ಹಗಲೂ ರಾತ್ರಿ ತಿರುಗುತ್ತಿತ್ತು. ಅದು ಲೋಕದಲ್ಲೇ ಅತಿ ಮೌನದ ಫ್ಯಾನು ಎಂದು ಶಿಯಾವ್ ಅವರು ಪ್ರಮಾಣಪತ್ರ ಕೊಡಬೇಕಾಗಿತ್ತು. ಯಂತ್ರವೊಂದು ಒಳಗಿನ ಸದ್ದಿನ ಏರಿಳಿತವನ್ನು ನಿಮಿಷ ನಿಮಿಷಕ್ಕೂ ಗೆರೆಯಾಗಿ ಎಳೆಯುತ್ತಿತ್ತು. ಸದ್ದನ್ನು ಅದು ಇಟ್ಟುಕೊಳ್ಳುತ್ತಿರಲಿಲ್ಲ, ಗೆರೆ ಮಾತ್ರ.

ಮೊದಲನೆಯ ದಿನ ಬೀರುವಿನೊಳಗೆ ನಿಂತು ಹೊರಬಾಗಿಲು ಎಳೆದುಕೊಂಡಾಗ ಮೌಲಿನ್‌ಗೆ ಹೊರಗಿನ ಪ್ರಪಂಚ ನಂದಿಹೋದಂತಾಯಿತು. ಕೆಮ್ಮಿ ನೋಡಿದ. ಹೊರಗೆ ನಿಲ್ಲಿಸಿದ್ದ ಗೆಳೆಯ ಡಿಂಗ್‌ಗೆ ಕೇಳಿಸಲಿಲ್ಲ. ಕೂಗಿದ, ಕೇಳಿಸಲಿಲ್ಲ. ಮರುದಿನ ಸುವೊನಾ ತಂದ.

ವೇಳೆಯನ್ನೂ ಅವನು ಯೋಚಿಸಿಯೇ ಗೊತ್ತುಮಾಡಿಕೊಂಡಿದ್ದ. ಬೆಳಿಗ್ಗೆ ಒಂಬತ್ತೂವರೆ. ಆಗ ಪಿಎಚ್‌ಡಿ ಮಾಡುತ್ತಿದ್ದ ಫಾನ್ ಅಣ್ಣ ಇನ್ನೂ ಮಲಗಿರುತ್ತಿದ್ದ. ಅವನು ಪಿಎಚ್‌ಡಿ ಮಾಡಲು ಹಿಡಿದು ಏಳು ವರ್ಷವಾಗಿತ್ತು, ಅವಸರವಿರಲಿಲ್ಲ. ಕಚೇರಿಯ ಜೋ ಮೇಡಂ ತಿಂಡಿಗೆ ಹೋಗಿರುತ್ತಿದ್ದಳು. ಪ್ರೊಫೆಸರ್ ಶಿಯಾವ್ ಪಕ್ಕದ ಕಟ್ಟಡದಲ್ಲಿ ಪಾಠ ಮಾಡುತ್ತಿರುತ್ತಿದ್ದರು. ಪಾಠ ಉಷ್ಣ ವರ್ಗಾವಣೆಯದು, ಮೌಲಿನ್ ಕೂತಿರಬೇಕಾಗಿದ್ದದ್ದು ಅಲ್ಲೇ. ಶಿಯಾವ್ ಅವರು ಹಾಜರಿ ಕರೆದರೆ ಡಿಂಗ್ ಮೊದಲು ತನ್ನ ದನಿಯಲ್ಲಿ, ಆಮೇಲೆ ನೆಗಡಿಯಾದ ದನಿಯಲ್ಲಿ “ಬಂದಿದ್ದೇನೆ ಸರ್” ಎನ್ನುತ್ತಿದ್ದ. ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದ ಶಿಯಾವ್ ಅವರಿಗೆ ತಮ್ಮ ತರಗತಿಯಲ್ಲಿ ಒಬ್ಬನಿಗೆ ತಿಂಗಳಿಡೀ ನೆಗಡಿ ಎಂದಷ್ಟೇ ಗೊತ್ತಿತ್ತು.

ಒಂದು ವಾರ ಸುಖವಾಗಿ ಕಳೆಯಿತು. ಎಂಟನೆಯ ದಿನ ಫಾನ್ ಅಣ್ಣ ಗೆರೆಗಳ ಕಾಗದ ಹಿಡಿದು ಪ್ರೊಫೆಸರರ ಕೋಣೆಗೆ ಓಡಿಬಂದ. ಮೌಲಿನ್ ಅಲ್ಲೇ ನೆಲ ಒರೆಸುತ್ತಿದ್ದ.

“ಸರ್, ಇಲ್ಲಿ ನೋಡಿ. ಗೆರೆ ಹಲಗೆ ಥರ ಮಟ್ಟಸವಾಗಿ ಬಂತಾ? ಇಲ್ಲಿ ಇದ್ದಕ್ಕಿದ್ದ ಹಾಗೆ ಕೊಂಬು ಎದ್ದಿದೆ. ಅರ್ಧ ಗಂಟೆ ಕೊಂಬೇ ಕೊಂಬು. ಆಮೇಲೆ ಮತ್ತೆ ಹಲಗೆ.”

“ಎಷ್ಟು ಹೊತ್ತಿಗೆ?”

“ಬೆಳಗಿನ ಜಾವ ಮೂರೂವರೆಗೆ ಸರ್. ದಿನಾ ಮೂರೂವರೆಗೆ. ಶನಿವಾರ ಭಾನುವಾರ ಬಿಟ್ಟು.”

ಪ್ರೊಫೆಸರ್ ಶಿಯಾವ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಶನಿವಾರ ಭಾನುವಾರ ರಜಾ ತಗೊಳ್ಳೋ ಫ್ಯಾನನ್ನ ನಾನು ಜರ್ಮನಿಯಲ್ಲೂ ನೋಡಿಲ್ಲ. ಮೌಲಿನ್!”

ಮೌಲಿನ್ ಒರಸುಬಟ್ಟೆ ಹಿಡಿದೇ ನೆಟ್ಟಗೆ ನಿಂತ.

“ಕೋಣೆ ಕೀಲಿ ನಿನ್ನ ಹತ್ರ ಇದೆ. ಈ ಕೊಂಬು ಯಾಕೆ ಬರ್ತಿದೆ ಅಂತ ನೀನೇ ಕಂಡುಹಿಡೀಬೇಕು. ಎರಡು ವಾರ ಟೈಮು. ಕಂಡುಹಿಡಿದರೆ ಉಷ್ಣ ವರ್ಗಾವಣೆಯಲ್ಲಿ ಹತ್ತು ಅಂಕ ಜಾಸ್ತಿ ಹಾಕ್ತೀನಿ.”

ಪಾಸಾಗಲು ಅರವತ್ತು ಬೇಕು. ಐವತ್ತು ತನ್ನ ಕೈಲಾದೀತು ಎಂದು ಮೌಲಿನ್ ಧಾರಾಳವಾಗಿ ಅಂದಾಜು ಮಾಡಿದ್ದ. ಹತ್ತು ಸೇರಿದರೆ ಸುವೊನಾ ಉಳಿಯಿತು. ಅವನು ನಡುಬಗ್ಗಿಸಿ ನಮಸ್ಕರಿಸಿ, ತನ್ನನ್ನು ತಾನೇ ಹಿಡಿಯಲು ಅಲ್ಲಿಂದಲೇ ಹೊರಟ.

ಹೀಗೆಂದರೆ ಓದುವವರು ನಗಬಹುದು. ಆದರೆ ಮೌಲಿನ್‌ಗೆ ಒಂದಿಷ್ಟೂ ಸಂಶಯ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ಕೊಂಬು ಬರುತ್ತಿದ್ದದ್ದು ಬೆಳಗಿನ ಜಾವ ಮೂರೂವರೆಗೆ. ಆ ಹೊತ್ತಿಗೆ ತಾನು ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತೇನೆಂಬುದಕ್ಕೆ ಅಮ್ಮ ಸಾಕ್ಷಿ, ಅಕ್ಕಪಕ್ಕದವರೂ ಸಾಕ್ಷಿ.

ಅವನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಿದ್ದು ಹಸಿರು ಪೊಟ್ಟಣವನ್ನು. ಆ ನಾಡಿನಲ್ಲಿ ಯಾವ ಇಂಜಿನಿಯರನಾದರೂ ಮೊದಲು ಅದನ್ನೇ ನೋಡುತ್ತಾನೆ. ಜೋಳದ ಕುರುಕಲು ತಿಂಡಿಯ ಪೊಟ್ಟಣ ಅದು; ಅದರ ಹೆಸರಿನ ಅರ್ಥವೇ ಹೇಳಿದ ಮಾತು ಕೇಳು ಎಂದು. ಅದನ್ನು ಮೇಲಿಟ್ಟರೆ ಯಂತ್ರ ಮಾತು ಕೇಳುತ್ತದೆ. ಬ್ಯಾಂಕಿನ ಕಂಪ್ಯೂಟರಿನಿಂದ ಹಿಡಿದು ಆಸ್ಪತ್ರೆಯ ಯಂತ್ರದವರೆಗೆ ಎಲ್ಲದರ ತಲೆಯ ಮೇಲೂ ಒಂದೊಂದು ಇರುತ್ತದೆ. ಅದನ್ನು ತಿನ್ನಬಾರದು, ಅವಧಿ ಮೀರಲು ಬಿಡಬಾರದು, ಬಣ್ಣ ಹಸಿರೇ ಆಗಿರಬೇಕು. ಯಂತ್ರದ ಮೇಲಿದ್ದ ಪೊಟ್ಟಣದ ಅವಧಿ ಎರಡು ದಿನದ ಹಿಂದೆ ಮುಗಿದಿತ್ತು.

“ಸಿಕ್ತು!” ಎಂದು ಕೂಗುತ್ತ ಮೌಲಿನ್ ಅಂಗಡಿಗೆ ಓಡಿದ. ಹಸಿರು ಮುಗಿದಿತ್ತು. ಹಳದಿ ಇತ್ತು. ಒಳಗಿರುವುದು ಜೋಳವೇ ತಾನೆ ಎಂದು ಹಳದಿ ತಂದು ಇಟ್ಟ.

ಮಧ್ಯಾಹ್ನ ಫಾನ್ ಅಣ್ಣ ಅದನ್ನು ನೋಡಿ ಗೋಡೆ ಹಿಡಿದು ನಿಂತ. “ಹಳದಿ! ಹಳದಿ ಇಟ್ಟಿದೀಯಲ್ಲೋ! ಹಳದಿ ದೀಪ ಹತ್ತಿದರೆ ಯಂತ್ರ ಏನ್ಮಾಡುತ್ತೆ?”

“ಎಚ್ಚರಿಕೆ ಕೊಡುತ್ತೆ ಅಣ್ಣ.”

“ಹಸಿರು ಹತ್ತಿದರೆ?”

“ಓಡುತ್ತೆ.”

“ಇಷ್ಟು ಗೊತ್ತಿದ್ದೂ ಹಳದಿ ಇಟ್ಟೆಯಲ್ಲ. ನಾಲ್ಕನೇ ವರ್ಷಕ್ಕೆ ಬಂದಿದೀಯ, ನಿಂಗೆ ಇಲ್ಲಿ ಏನು ಕಲಿಸಿದಾರೆ?”

ಊರೆಲ್ಲ ಸುತ್ತಿ ಹಸಿರು ತಂದದ್ದಾಯಿತು. ಕೊಂಬು ಹೋಗಲಿಲ್ಲ. ಬದಲಿಗೆ ಉದ್ದವಾಯಿತು. ಹತ್ತು ಅಂಕದ ಚಿಂತೆಯಲ್ಲಿ ಮೌಲಿನ್‌ಗೆ ಸಮಾಧಾನ ಸಿಗುತ್ತಿದ್ದದ್ದು ಬೀರುವಿನೊಳಗೆ ಮಾತ್ರ. ಅವನು ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆ ಊದತೊಡಗಿದ್ದ.

ಕೊನೆಗೆ ಫಾನ್ ಅಣ್ಣ ಧೈರ್ಯ ಮಾಡಿ ಒಂದು ರಾತ್ರಿ ಚಾಪೆ ಹಾಕಿಕೊಂಡು ಕೋಣೆಯ ಒಳಗೇ ಫ್ಯಾನಿನ ಪಕ್ಕ ಕೂತ. ಮೂರೂವರೆ ಆಯಿತು, ನಾಲ್ಕಾಯಿತು, ಬೆಳಗಾಯಿತು. ತನ್ನ ಹೊಟ್ಟೆಯ ಗುಡುಗುಡು ಬಿಟ್ಟರೆ ಅವನಿಗೆ ಏನೂ ಕೇಳಿಸಲಿಲ್ಲ. ಎದ್ದುಹೋಗಿ ಮಲಗಿದ. ಮಧ್ಯಾಹ್ನ ಬಂದು ಕಾಗದ ತೆಗೆದು ನೋಡಿದರೆ ಅದೇ ದಿನದ ತಾರೀಖು, ಮೂರೂವರೆ ಗಂಟೆ, ಇಷ್ಟೆತ್ತರದ ಕೊಂಬು.

ಅವನು ಸೀದಾ ಕಚೇರಿಗೆ ಬಂದು ಜೋ ಮೇಡಂ ಎದುರಿನ ಕುರ್ಚಿಯಲ್ಲಿ ಕುಸಿದ. “ನಾನು ಅಲ್ಲೇ ಇದ್ದೆ ಮೇಡಂ. ನಂಗೆ ಕೇಳಿಸ್ಲಿಲ್ಲ. ಯಂತ್ರಕ್ಕೆ ಕೇಳಿಸಿದೆ.”

ಜೋ ಮೇಡಂ ಇಪ್ಪತ್ತಾರು ವರ್ಷದಿಂದ ವಿಭಾಗದ ಕಚೇರಿ ನಡೆಸುತ್ತಿದ್ದವಳು. ಪ್ರೊಫೆಸರುಗಳು ಬಂದರು, ಹೋದರು. ರಬ್ಬರ್ ಸ್ಟಾಂಪು ಅವಳ ಕೈಯಲ್ಲೇ ಉಳಿಯಿತು. ಅವಳು ಸಾವಕಾಶವಾಗಿ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದಳು. ಏಳನೆಯ ತಿಂಗಳು. ಸತ್ತವರ ಲೋಕದ ಬಾಗಿಲು ತೆರೆದು ಅಲ್ಲಿನವರೆಲ್ಲ ಇಲ್ಲಿ ತಿರುಗಾಡುವ ತಿಂಗಳು.

“ಶನಿವಾರ ಭಾನುವಾರ ಬರಲ್ಲ ಅಂದ್ಯಲ್ಲ?”

“ಬರಲ್ಲ.”

“ಹಾಗಾದ್ರೆ ಅದು ಸರ್ಕಾರಿ ನೌಕರಿಲಿದ್ದೋರು.”

ಈ ತೀರ್ಮಾನವನ್ನು ಯಾರಿಗೂ ಅಲ್ಲಗಳೆಯಲಾಗಲಿಲ್ಲ. ಸಂಜೆಯೊಳಗೆ ಕಾವಲುಗಾರ ಅದಕ್ಕೆ ಗುಮಾಸ್ತನ ಟೋಪಿ ತೊಡಿಸಿದ. ಹಿಂದೆ ಜಪಾನಿಯರು ಆಳುತ್ತಿದ್ದ ಕಾಲದಲ್ಲಿ ಅಲ್ಲೊಂದು ಕಚೇರಿ ಇತ್ತಂತೆ. ಕ್ಯಾಂಟೀನಿನವಳು ಆ ಗುಮಾಸ್ತನಿಗೆ ಬಡ್ತಿ ತಪ್ಪಿದ ಕಥೆ ಸೇರಿಸಿದಳು. ಮರುದಿನ ಎಲೆಕ್ಟ್ರಿಕಲ್ ವಿಭಾಗದವರು ಬಂದು, ಅವರು ಬಡ್ತಿ ತಪ್ಪಿದ್ದಕ್ಕೆ ನೇಣು ಹಾಕಿಕೊಂಡವರಂತೆ ಹೌದಾ ಎಂದು ಮೌಲಿನ್‌ನನ್ನೇ ಕೇಳಿದರು. ಮೌಲಿನ್ ತಬ್ಬಿಬ್ಬಾಗಿ ಹೌದು ಎಂದ. ಅವನ ತನಿಖೆಯಲ್ಲಿ ಸಿಕ್ಕಿದ ಮೊದಲ ಸುಳಿವು ಅದೇ. ಆದರೂ ಬೀರುವಿಗೆ ಹೋಗುವುದನ್ನು ಬಿಡಲಿಲ್ಲ. ಭೂತ ಬರುವುದು ಮೂರೂವರೆಗೆ, ತಾನು ಹೋಗುವುದು ಒಂಬತ್ತೂವರೆಗೆ. ಇಬ್ಬರ ಪಾಳಿಯೂ ಬೇರೆ.

ಪ್ರೊಫೆಸರ್ ಶಿಯಾವ್ ಇದನ್ನೆಲ್ಲ ಕೇಳಿ ಗಹಗಹಿಸಿದರು. ಆಮೇಲೆ ಕಂಪನಿಯವರು ಫೋನು ಮಾಡಿ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಶಿಯಾವ್ ನಗು ನಿಲ್ಲಿಸಿದರು.

“ಜೋ ಮೇಡಂ, ನಾನು ಇದನ್ನೆಲ್ಲ ನಂಬೋನಲ್ಲ.”

“ಗೊತ್ತು ಸರ್.”

“ವಿಜ್ಞಾನಿ ಆದೋನು ನಂಬಬಾರದು.”

“ಹೌದು ಸರ್. ಪೂಜೆ ಶುಕ್ರವಾರಕ್ಕೆ ಇಟ್ಕೊಳ್ಳೋಣವಾ?”

“ಬೆಳಿಗ್ಗೆ ಹತ್ತು ಗಂಟೆಗೆ. ಅವತ್ತು ಕ್ಲಾಸ್ ರದ್ದು ಮಾಡ್ತೀನಿ. ಸಣ್ಣದಾಗಿ ಇರಲಿ.”

ಜೋ ಮೇಡಂಗೆ ಸಣ್ಣದಾಗಿ ಏನನ್ನೂ ಮಾಡಿ ಗೊತ್ತಿರಲಿಲ್ಲ. ಪುರೋಹಿತರಿಗೆ ಹೇಳಿದಳು. ಮೇಳಕ್ಕೆ ಶುಯಿಮು ತಾತನಿಗೆ ಹೇಳಿದಳು. ಎಡೆಗೆ ಬೇಕಾದ ತಿಂಡಿಯನ್ನು ದಿನಾ ತಾನು ತಿನ್ನುವ ಅಂಗಡಿಗೇ, ಎಂದರೆ ಶ್ಯೂಚಿನ್‌ಗೆ, ಹೇಳಿದಳು.

ಅಂದು ಮೌಲಿನ್‌ಗೆ ಮೂರು ಕಡೆಯಿಂದ ಬುಲಾವು ಬಂತು. “ಶುಕ್ರವಾರ ಹತ್ತಕ್ಕೆ ತನಿಖೆಯ ವರದಿ ಹಿಡಿದು ನಿಂತಿರು,” ಎಂದರು ಪ್ರೊಫೆಸರು. “ಶುಕ್ರವಾರ ಹತ್ತಕ್ಕೆ ಎಲ್ಲೋ ಒಂದು ಹಟಮಾರಿ ಭೂತ ಓಡಿಸೋದಿದೆ ಕಣೋ, ಸುವೊನಾಗೆ ನೀನೇ,” ಎಂದ ಶುಯಿಮು ತಾತ. “ಶುಕ್ರವಾರ ಹತ್ತಕ್ಕೆ ನಲವತ್ತು ದೋಸೆ ಹೊರೋಕೆ ಬಾ,” ಎಂದಳು ಅಮ್ಮ. ಮೌಲಿನ್ ಮೂವರಿಗೂ ಆಯಿತು ಎಂದ. ಯಾರಿಗೇ ಆಗಲಿ ಆಗುವುದಿಲ್ಲ ಎನ್ನುವುದು ಅವನಿಗೆ ಬರದ ವಿದ್ಯೆಗಳಲ್ಲಿ ಒಂದು.

ಶುಕ್ರವಾರ ಪ್ರಯೋಗಶಾಲೆಯ ಮುಂದೆ ಕೆಂಪು ಬಟ್ಟೆಯ ಮೇಜು ಸಿದ್ಧವಾಯಿತು. ಹಣ್ಣು, ಬೇಯಿಸಿದ ಕೋಳಿ, ದೋಸೆಯ ಗೋಪುರ, ಊದುಬತ್ತಿ, ಎಪ್ಪತ್ತೆರಡು ಹಸಿರು ಪೊಟ್ಟಣ. ಭೂತ ಹೋಗುವುದನ್ನು ಎಲ್ಲರೂ ಕಣ್ಣಾರೆ ನೋಡಲೆಂದು ಫಾನ್ ಅಣ್ಣ ಗೆರೆ ಎಳೆಯುವ ಯಂತ್ರದ ಪರದೆಯನ್ನು ಉದ್ದ ತಂತಿ ಕಟ್ಟಿ ಹೊರಗೆ ತಂದಿಟ್ಟಿದ್ದ. ಮೌಲಿನ್ ದೋಸೆ ಹೊತ್ತು ತಂದು ಇಳಿಸಿ, ವರದಿಯನ್ನು ಪ್ರೊಫೆಸರರ ಕೈಗಿಟ್ಟು, ಕಂಬದ ಮರೆಗೆ ಹೋಗಿ ಮೇಳದ ಹಳದಿ ಅಂಗಿ ತೊಟ್ಟು, ಸುವೊನಾ ಹಿಡಿದು ಬಂದ. ಪ್ರೊಫೆಸರು ವರದಿ ತೆರೆದರು. ಅದರಲ್ಲಿ ‘ನೌಕರರು’ ಎಂಬ ಒಂದೇ ಪದವಿತ್ತು. ತಲೆ ಎತ್ತಿದರೆ ಎದುರಿಗೆ ಹಳದಿ ಅಂಗಿ.

“ನೀನು ತನಿಖೆ ಮಾಡೋನೋ, ಊದೋನೋ?”

“ಎರಡೂ ಸರ್. ದೋಸೆನೂ ನಾನೇ ತಂದಿದ್ದು.”

ಪುರೋಹಿತರು ಗಂಟೆ ಅಲ್ಲಾಡಿಸಿ, ಊದಬೇಕಾದ್ದು ಇಲ್ಲಲ್ಲ, ಅವರು ಇರುವ ಕಡೆ ಎಂದು ಸದ್ದಿಲ್ಲದ ಕೋಣೆಯತ್ತ ಕೈ ತೋರಿಸಿದರು. ಮೌಲಿನ್ ಬೀರುವಿನೊಳಗೆ ಹೋಗಿ ಎಂದಿನಂತೆ ಹೊರಬಾಗಿಲು ಎಳೆದುಕೊಂಡ. ಹೊರಗಿನವರಿಗೆ ಪಿಸುಗುಟ್ಟಿದಷ್ಟೂ ಕೇಳಿಸಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲೆ.

ಹಲಗೆಯಂತಿದ್ದ ಗೆರೆ ಅಲುಗಿತು. ಆಮೇಲೆ ಧಿಗ್ಗನೆ ಕೊಂಬು ಎದ್ದಿತು.

“ಬಂದ್ರು! ಬಂದ್ರು!” ಎಂದು ಜೋ ಮೇಡಂ ಕಿರುಚಿದಳು. ಫಾನ್ ಅಣ್ಣ ಒಂದು ಹಸಿರು ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಕೂತುಬಿಟ್ಟ. ಕಾವಲುಗಾರ ಟೋಪಿ ತೆಗೆದು, ನಿಮ್ಮ ಬಡ್ತಿ ಮಂಜೂರಾಗಿದೆ ಹೋಗಿ ಸ್ವಾಮಿ ಎಂದು ಕೈ ಮುಗಿದ. ಶ್ಯೂಚಿನ್ ಮಾತ್ರ, “ಒಳಗೆ ನನ್ನ ಮಗ ಇದಾನೆ!” ಎಂದು ಬಾಗಿಲಿನತ್ತ ನುಗ್ಗಿದಳು. ಇಬ್ಬರು ಹಿಡಿದು ನಿಲ್ಲಿಸಿದರು.

ಪ್ರೊಫೆಸರ್ ಶಿಯಾವ್ ಅಲುಗಾಡದೆ ನಿಂತಿದ್ದರು. ಅವರು ನೋಡುತ್ತಿದ್ದದ್ದು ಕೊಂಬನ್ನಲ್ಲ, ಪರದೆಯ ಮೂಲೆಯಲ್ಲಿದ್ದ ಗಡಿಯಾರವನ್ನು. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಹನ್ನೆರಡು ನಿಮಿಷ. ಪರದೆಯಲ್ಲಿ ನಾಲ್ಕು ಗಂಟೆ ಹನ್ನೆರಡು ನಿಮಿಷ, ಬೆಳಗಿನ ಜಾವ. ಯಂತ್ರವನ್ನು ಹನ್ನೊಂದು ವರ್ಷದ ಹಿಂದೆ ಜರ್ಮನಿಯಿಂದ ತಂದವರು ಅವರೇ. ಅದರ ಗಡಿಯಾರವನ್ನು ಅಲ್ಲೇ ಸರಿಮಾಡಿ, ಇಲ್ಲಿಗೆ ಬಂದ ಮೇಲೆ ಮುಟ್ಟದೆ ಬಿಟ್ಟವರೂ ಅವರೇ. ಯಂತ್ರ ಹನ್ನೊಂದು ವರ್ಷದಿಂದ ನಿಷ್ಠೆಯಿಂದ ಜರ್ಮನಿಯ ಹೊತ್ತನ್ನೇ ತೋರಿಸುತ್ತಿತ್ತು. ಅದನ್ನು ನಂಬಿ ಅವರು ಹದಿನೇಳು ಪ್ರಬಂಧ ಬರೆದಿದ್ದರು.

“ಸರ್,” ಎಂದ ಫಾನ್ ಅಣ್ಣ ನೆಲದಿಂದಲೇ, “ಅಲ್ಲಿ ಮೂಲೇಲಿ ಟೈಮು...”

ಪ್ರೊಫೆಸರು ಜಿಗಿದು ಪರದೆಗೆ ಬೆನ್ನು ಕೊಟ್ಟು ನಿಂತು, ಕಾಲಿನಿಂದಲೇ ಪ್ಲಗ್ಗು ಕಿತ್ತರು. ಪರದೆ ಕಪ್ಪಾಯಿತು.

“ಹೋದರು,” ಎಂದರು ಪುರೋಹಿತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಗೆ ಮೌಲಿನ್‌ಗೆ ಇದೊಂದೂ ತಿಳಿಯದು. ಒಂದೇ ಉಸಿರಿನ ಮೂರು ನಿಮಿಷದ ಘಟ್ಟ ಆ ಹೊತ್ತಿಗೆ ಅವನಿಗೆ ಒಲಿದಿತ್ತು, ಅವನು ಮೈಮರೆತು ಊದುತ್ತಲೇ ಇದ್ದ. ಬಾಗಿಲು ಬಡಿದು ಹೊರಗೆ ಕರೆದಾಗ ಜನ ಅವನನ್ನು ಹೂವಿನಂತೆ ಎತ್ತಿಕೊಂಡರು. ಅಮ್ಮ ಅಳುತ್ತ ನಗುತ್ತ ಎಲ್ಲರಿಗೂ, “ಡಾಕ್ಟರೇಟ್ ಮಾಡ್ದೋರ ಕೈಲಿ ಆಗಲಿಲ್ಲ, ನೋಡಿ! ಇದಕ್ಕೇ ನಾನು ಇವನನ್ನ ಇಂಜಿನಿಯರಿಂಗ್ ಓದಿಸಿದ್ದು,” ಎಂದು ದೋಸೆ ಹಂಚಿದಳು.

ಅಂದು ಮಧ್ಯಾಹ್ನ ಪ್ರೊಫೆಸರು ಅವನನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿದರು.

“ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲಿರ್ತೀಯ?”

“ನಿಮ್ಮ ಕ್ಲಾಸಲ್ಲಿ ಸರ್.”

“ನಿನ್ನೆ ಏನು ಪಾಠ ಮಾಡ್ದೆ?”

“ಉಷ್ಣ ಸರ್.”

“ಉಷ್ಣದ್ದು ಏನು?”

ಮೌಲಿನ್ ಬಹಳ ಹೊತ್ತು ಯೋಚಿಸಿದ. “ವರ್ಗಾವಣೆ ಸರ್.”

ಪ್ರೊಫೆಸರು ನಿಟ್ಟುಸಿರು ಬಿಟ್ಟು ಮೇಜಿನ ಮೇಲಿದ್ದ ಕಿತ್ತಳೆ ಹಣ್ಣನ್ನು ಎತ್ತಿಕೊಂಡರು. ಇದು ಭೂಮಿ. ಇಲ್ಲಿ ತೈನಾನ್, ಇಲ್ಲಿ ಜರ್ಮನಿ. ಇಲ್ಲಿ ಒಂಬತ್ತೂವರೆ ಆದಾಗ ಅಲ್ಲಿ ಮೂರೂವರೆ. ಯಂತ್ರ ಜರ್ಮನಿಯದು. ಮೂರು ಸಲ ಹಣ್ಣು ತಿರುಗಿಸಿ ತೋರಿಸಿದರು.

ಮೌಲಿನ್‌ನ ಮುಖ ಅರಳಿತು. “ಅಂದ್ರೆ ಆ ಭೂತ ಜರ್ಮನಿಯಿಂದ ಬರ್ತಿತ್ತಾ ಸರ್?”

“ಅದು ನೀನೇ ಕಣೋ!”

ಮೌಲಿನ್ ತನ್ನ ಕೈ ನೋಡಿಕೊಂಡ, ಹಣ್ಣು ನೋಡಿದ, ಬಾಗಿಲು ನೋಡಿದ. “ಹಾಗಾದ್ರೆ ನಾನು ಕಂಡುಹಿಡಿದ ಹಾಗಾಯ್ತಲ್ಲ ಸರ್. ಹತ್ತು ಅಂಕ...”

ಪ್ರೊಫೆಸರ್ ಶಿಯಾವ್ ಅವನನ್ನು ದಿಟ್ಟಿಸಿ ನೋಡಿದರು. ಅವರಿಗೆ ಹದಿನೇಳು ಪ್ರಬಂಧಗಳು ನೆನಪಾದವು. “ಹಾಕ್ತೀನಿ. ಗಡಿಯಾರದ ವಿಷಯ ನೀನು ಯಾರಿಗೂ ಹೇಳಬಾರದು, ಕ್ಲಾಸ್ ತಪ್ಪಿಸಿದ ವಿಷಯ ನಾನು ಯಾರಿಗೂ ಹೇಳಲ್ಲ. ನಾಳೆಯಿಂದ ಮುಂದಿನ ಬೆಂಚು. ಮಿಕ್ಕ ಐವತ್ತು ನೀನೇ ಬರೆದು ತಗೋಬೇಕು.”

ಆಮೇಲೆ ಕೊಂಬು ಬರಲಿಲ್ಲ. ಕಂಪನಿಯ ಫ್ಯಾನನ್ನು ಮೊದಲಿನಿಂದ ಮತ್ತೆ ಮೂವತ್ತು ದಿನ ತಿರುಗಿಸಿ ಪ್ರಮಾಣಪತ್ರ ಕೊಟ್ಟರು. ಮೌಲಿನ್ ಮುಂದಿನ ಬೆಂಚಿನಲ್ಲಿ ಕೂತು ಕಣ್ಣು ಬಿಟ್ಟುಕೊಂಡು ಕೇಳಿದ. ಆದರೆ ಅವನು ಬಂದದ್ದು ಪಾಠ ಮುಗಿಯಲು ಆರು ದಿನವಿದ್ದಾಗ. ಪರೀಕ್ಷೆಯಲ್ಲಿ ನಲವತ್ತೊಂದು ಬಂತು. ಹತ್ತು ಸೇರಿ ಐವತ್ತೊಂದು.

ಶ್ಯೂಚಿನ್ ಆಡಿದ ಮಾತಿಗೆ ತಪ್ಪುವವಳಲ್ಲ. ಅಂಕಪಟ್ಟಿ ಬಂದ ಮರುದಿನ ಬೆಳಿಗ್ಗೆ ಶುಯಿಮು ತಾತನನ್ನು ಅಂಗಡಿಗೆ ಕರೆಸಿದಳು. ಸುವೊನಾವನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ತಂದಳು. ಅವಳ ಕಣ್ಣು ಕೆಂಪಾಗಿತ್ತು; ಈರುಳ್ಳಿ ಹೆಚ್ಚುತ್ತಿದ್ದೆ ಎಂದಳು. ಮೌಲಿನ್ ದೋಸೆ ಮಗುಚುವ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದ. ದೋಸೆ ಸೀದು ಹೊಗೆ ಬರುತ್ತಿದ್ದರೂ ಮಗುಚಲಿಲ್ಲ.

“ತಗೊಳ್ಳಿ ತಾತ,” ಎಂದಳು ಶ್ಯೂಚಿನ್.

“ಸ್ವಲ್ಪ ತಡೀರಿ,” ಎಂದು ಮೂಲೆಯ ಮೇಜಿನಿಂದ ಜೋ ಮೇಡಂ ಎದ್ದು ಬಂದಳು. ತುಟಿಯ ಮೇಲಿನ ಸೋಯಾ ಹಾಲು ಒರೆಸಿಕೊಂಡು ಟವೆಲ್ಲು ಸರಿಸಿದಳು. ಸುವೊನಾದ ಹಿತ್ತಾಳೆಯ ಬಾಯಿಯ ಪಕ್ಕ ಒಂದು ಪುಟ್ಟ ಚೀಟಿ ಅಂಟಿಕೊಂಡಿತ್ತು. ಪೂಜೆಯ ದಿನದಿಂದ ಅದು ಅಲ್ಲೇ ಇತ್ತು. ಪುರೋಹಿತರು ಅಂಟಿಸಿದ ಮಂತ್ರದ ಚೀಟಿ ಎಂದುಕೊಂಡು ಮೌಲಿನ್ ಅದನ್ನು ಮುಟ್ಟಿರಲಿಲ್ಲ. ಶ್ಯೂಚಿನ್ ಅದಕ್ಕೆ ಎರಡು ಸಲ ಕೈ ಕೂಡ ಮುಗಿದಿದ್ದಳು.

“ಇದನ್ನ ಯಾರಿಗೂ ಕೊಡೋ ಹಾಗಿಲ್ಲ. ಸದ್ದಿಲ್ಲದ ಕೋಣೆ ಒಳಗೆ ಹೋಗಿ ಬಂದ ಉಪಕರಣಕ್ಕೆಲ್ಲ ನಂಬರ್ ಇರಬೇಕು. ಇಲ್ಲದಿದ್ರೆ ವರದಿಗೆ ಸಹಿ ಬೀಳಲ್ಲ. ಅವತ್ತೇ ದಾಖಲೆಗೆ ಸೇರಿಸಿ ನಾನೇ ಅಂಟಿಸಿದೀನಿ. ಓದಿ. ಶಬ್ದ ನಿವಾರಣಾ ಯಂತ್ರ, ಒಂದು. ಸೇವಾವಧಿ ಹತ್ತು ವರ್ಷ. ಹೊಣೆಗಾರ, ವಿದ್ಯಾರ್ಥಿ ಕೋ ಮೌಲಿನ್.”

ಮೌಲಿನ್ ಸೌಟು ಕೆಳಗಿಟ್ಟ. “ಅಂದ್ರೆ ಇದು ನನ್ನ ಹತ್ರಾನೇ ಇರುತ್ತಾ ಮೇಡಂ?”

“ನೀನು ವಿದ್ಯಾರ್ಥಿ ಆಗಿರೋವರೆಗೆ. ಪದವಿ ಮುಗಿಸಿ ಹೋಗೋವಾಗ ಉಗ್ರಾಣಕ್ಕೆ ಒಪ್ಪಿಸಿ ಹೋಗಬೇಕು.”

ಮೌಲಿನ್ ಬೆರಳು ಮಡಿಸಿ ಲೆಕ್ಕ ಹಾಕಿದ. ಫೇಲಾದರೆ ಹೋಗುವುದು ಎಂಬ ಕರಾರು. ಫೇಲಾದ, ಆದರೆ ಹೋಗುವುದಿಲ್ಲ. ಪಾಸಾದರೆ ಹೋಗುತ್ತದೆ. ಹಾಗಾದರೆ ಉಷ್ಣ ವರ್ಗಾವಣೆಯನ್ನು ಓದಬೇಕೋ ಬೇಡವೋ? ಅವನು ಮತ್ತೆ ಮೊದಲಿನಿಂದ ಬೆರಳು ಮಡಿಸತೊಡಗಿದ.

ಶ್ಯೂಚಿನ್ ಮಾತ್ರ ಬೇರೆಯೇ ಒಂದನ್ನು ಕೇಳಿಸಿಕೊಂಡಿದ್ದಳು. “ಉಗ್ರಾಣಕ್ಕಾ? ನಮ್ಮ ಮಾವನ ಸುವೊನಾ ಸರ್ಕಾರದ್ದಾ?”

“ಕಾಗದದ ಪ್ರಕಾರ ಹೌದು, ಅಂಗಡಿ ಅಕ್ಕ.”

“ಕಾಗದ ಬಿಸಾಕಿ! ನಾನು ಮದುವೆಯಾಗಿ ಈ ಬಾಗಿಲಿಗೆ ಬಂದ ದಿನ ಮಾವ ಇದೇ ಹೊಸ್ತಿಲ ಮೇಲೆ ನಿಂತು ಇದನ್ನ ಊದಿದ್ರು. ಬೀದಿಗೆ ಬೀದಿನೇ ಎದ್ದು ಬಂದಿತ್ತು. ಅವತ್ತು ಎಲ್ಲಿತ್ತು ನಿಮ್ಮ ನಂಬರು?”

“ಈಗ ತಾನೆ ನೀವೇ ಶುಯಿಮು ಅವರಿಗೆ ಕೊಡ್ತಿದ್ರಿ.”

“ನಾನು ಕೊಡ್ತೀನಿ, ಬಿಡ್ತೀನಿ, ಅದು ನಮ್ಮನೇದು!” ಶ್ಯೂಚಿನ್ ಸುವೊನಾದ ಒಂದು ತುದಿ ಹಿಡಿದಳು. ಜೋ ಮೇಡಂ ಇಪ್ಪತ್ತಾರು ವರ್ಷದ ಅಭ್ಯಾಸದಿಂದ ಇನ್ನೊಂದು ತುದಿ ಹಿಡಿದಳು. ಶುಯಿಮು ತಾತ ತನ್ನ ಹೊಸ ಹಲ್ಲನ್ನು ಕೈಯಲ್ಲಿ ಮುಚ್ಚಿಕೊಂಡು ಹಿಂದೆ ಸರಿದ.

“ನಿಮ್ಮನೇದು ಅನ್ನೋದಕ್ಕೆ ಏನಾದ್ರೂ ದಾಖಲೆ ಇದೆಯಾ?” ಎಂದಳು ಜೋ ಮೇಡಂ.

ಶ್ಯೂಚಿನ್ ಸುವೊನಾ ಕಿತ್ತುಕೊಂಡು ಮಗನ ಕೈಗೆ ತುರುಕಿದಳು. “ದಾಖಲೆ ಬೇಕಂತೆ. ಊದು.”

“ಇಲ್ಲೇನಾ? ಅಂಗಡಿ ಮುಂದೇನಾ? ಗಿರಾಕಿಗಳು—”

“ಊದೋ ಅಂದ್ರೆ! ನನ್ನ ಮದುವೇಲಿ ತಾತ ಊದಿದ್ದು.”

ಮೌಲಿನ್‌ಗೆ ಏನೂ ಅರ್ಥವಾಗಲಿಲ್ಲ. ಆದರೆ ಊದು ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಹೊಸ್ತಿಲ ಮೇಲೆ ನಿಂತು ಪೀಪಿ ಕಚ್ಚಿ ಉಸಿರೆಳೆದುಕೊಂಡ. ಸುವೊನಾ ಬೀದಿಯ ತುದಿಯವರೆಗೆ ಕೂಗಿತು. ಮೂಲಂಗಿ ಕಡುಬು ತಿನ್ನುತ್ತಿದ್ದವರು ಚಾಪ್‌ಸ್ಟಿಕ್ ಕೆಳಗಿಟ್ಟರು. ಜೋ ಮೇಡಂ ಏನೋ ಹೇಳಲು ಬಾಯಿ ತೆರೆದು, ಮರೆತು, ಹಾಗೇ ಕುರ್ಚಿಯ ಮೇಲೆ ಕೂತಳು. ಶ್ಯೂಚಿನ್ ಸೊಂಟದ ಮೇಲೆ ಕೈಯಿಟ್ಟು ಒಲೆಯ ಪಕ್ಕ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಈ ಸಲ ಅವಳು ಈರುಳ್ಳಿಯ ಹೆಸರೆತ್ತಲಿಲ್ಲ.

ಎದುರು ಮನೆಯ ಮುದುಕಿ ಚಪ್ಪಲಿ ಮೆಟ್ಟಿಕೊಂಡು ಅವಸರವಸರವಾಗಿ ರಸ್ತೆ ದಾಟಿ ಬಂದಳು. ಅವಳ ಹಿಂದೆ ಇನ್ನೂ ನಾಲ್ಕು ಮನೆಯವರು.

“ಯಾರು ಹೋದ್ರು ಶ್ಯೂಚಿನ್? ಯಾರು ಹೋದ್ರು?”

“ಯಾರೂ ಹೋಗಿಲ್ಲ ಅಜ್ಜಿ. ನನ್ನ ಮಗ ಊದ್ತಿದಾನೆ. ಬನ್ನಿ, ಕೂತ್ಕೊಳ್ಳಿ.”